ಅನಾಕ್ಲೆತೊ ಎತ್ತುಮೀನನ್ನು ಹೂವಿಗೆ ಹೋಲಿಸಿದ್ದು

ಅಮೆಜಾನಿನ ಈ ಮೂಲೆಯಲ್ಲಿರುವ ನಮ್ಮ ಅನಿಂಗಾಲ್ ಊರಿನಲ್ಲಿ ನೀವು ಯಾರ ಬಗ್ಗೆ ಏನು ಬೇಕಾದರೂ ಮಾತಾಡಬಹುದು. ಪುರಸಭೆ ಅಧ್ಯಕ್ಷರ ಬೋಟಿಗೆ ಡೀಸೆಲ್ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಪಾದ್ರಿಗಳ ಗೊರಕೆಯನ್ನು ಅಣಕಿಸಬಹುದು. ನನ್ನ ತೇಲುವ ಅಂಗಡಿಯ ಮುಂದೆ ದೋಣಿ ನಿಲ್ಲಿಸಿ, "ಏನಯ್ಯಾ ಒನೊರಾತೊ, ನಿನ್ನ ಐಸಿಗೂ ಮೀನಿನ ವಾಸನೆ ಬರುತ್ತಲ್ಲ!" ಎನ್ನಬಹುದು, ನಾನೇನೂ ಬೇಜಾರು ಮಾಡಿಕೊಳ್ಳುವವನಲ್ಲ. ಆದರೆ ಜೂನ್ ತಿಂಗಳಲ್ಲಿ, ಹೊಳೆ ತುಂಬಿ ಮನೆಯ ಮೆಟ್ಟಿಲಿಗೆ ತಾಕುವ ಹೊತ್ತಿನಲ್ಲಿ, ಮೇಲಿನ ಕೇರಿಯವರೆದುರು 'ಹೂವು' ಎಂಬ ಮಾತನ್ನು ಮಾತ್ರ ಎತ್ತಬೇಡಿ. ಎತ್ತಿದರೆ ಮುಂದಿನದಕ್ಕೆ ನಾನು ಜವಾಬ್ದಾರನಲ್ಲ.

ಮೇಲಿನ ಕೇರಿಯೆಂದರೆ ನಾವು. ನಮ್ಮದು ಎತ್ತುಮೀನಿನ ಪಕ್ಷ. ಹೊಳೆಯ ಸಿಹಿನೀರಿನಲ್ಲಿ ಮುಳುಗಿಕೊಂಡು, ತೇಲುವ ಹುಲ್ಲು ಮೇಯುತ್ತಾ, ಉಸಿರಿಗೆ ಮೂಗಷ್ಟನ್ನೇ ಮೇಲೆತ್ತುವ ಆ ಬೂದುಬಣ್ಣದ ಸಾಧುಪ್ರಾಣಿಯನ್ನು ಪುಸ್ತಕದವರು ಮನಾಟಿ ಎನ್ನುತ್ತಾರಂತೆ, ಅವರ ಕರ್ಮ. ಕೆಳಗಿನ ಕೇರಿಯವರದ್ದು ಹೂವಿನ ಪಕ್ಷ. ಹರಿವಾಣದಂಥ ಎಲೆಯ ದೊಡ್ಡ ನೈದಿಲೆ ಅವರ ಲಾಂಛನ. ನಮ್ಮ ಬಣ್ಣ ನೀಲಿ, ಅವರದು ಕೆಂಪು. ವರ್ಷಕ್ಕೊಮ್ಮೆ ಹಬ್ಬದಲ್ಲಿ ಎರಡೂ ಪಕ್ಷದವರು ಕುಣಿದು, ಹೊರಗಿನಿಂದ ಬಂದ ತೀರ್ಪುಗಾರರಿಂದ ಅಂಕ ಹಾಕಿಸಿಕೊಳ್ಳುತ್ತೇವೆ. ಗೆದ್ದವರು ಮುಂದಿನ ಜೂನ್ ತನಕ ಎದೆಯುಬ್ಬಿಸಿ ಓಡಾಡುತ್ತಾರೆ, ಸೋತವರು ತೀರ್ಪುಗಾರರಿಗೆ ಕಣ್ಣು ಕಾಣುವುದಿಲ್ಲ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅವರು 'ಆ ಕಡೆಯವರು', ಅವರ ಲಾಂಛನ 'ಆ ಕಡೆಯದು'. ಅವರೇನು ಕಮ್ಮಿಯಲ್ಲ, ನಮ್ಮ ಎತ್ತುಮೀನನ್ನು 'ಆ ದಪ್ಪಗಿರೋದು' ಎನ್ನುತ್ತಾರೆ. ಹಬ್ಬದ ತಿಂಗಳಲ್ಲಿ ಮದುವೆಯಾದ ನಮ್ಮ ಕೇರಿಯ ಹುಡುಗಿಯೊಬ್ಬಳು ಹೂಗುಚ್ಛದ ಬದಲು ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದು ಚರ್ಚಿಗೆ ಹೋದದ್ದೂ ಉಂಟು.

ಇಂಥ ಊರಿನಲ್ಲಿ ಸಿಯೊ ಅನಾಕ್ಲೆತೊ ಎಂಬ ನನ್ನ ಗೆಳೆಯ ಮೈಕಿನ ಕೆಲಸ ಮಾಡುತ್ತಿದ್ದ. (ಗೌರವಕ್ಕೆ ನಾವು ಗಂಡಸರಿಗೆ 'ಸಿಯೊ', ಹೆಂಗಸರಿಗೆ 'ದೋನಾ' ಎನ್ನುತ್ತೇವೆ.) ಅವನ ಮಗಳ ಜ್ಞಾನಸ್ನಾನಕ್ಕೆ ನಾನೇ ಧರ್ಮತಂದೆ, ಹಾಗಾಗಿ ನಾವು ಒಬ್ಬರಿಗೊಬ್ಬರು 'ಕುಂಪಾದ್ರೆ'. ಊರಿನ ಕಂಬಗಳಿಗೆಲ್ಲ ಧ್ವನಿವರ್ಧಕ ಕಟ್ಟಿದ್ದಾರೆ. ಬೋಟು ಬಂತು, ಅಜ್ಜಿ ತೀರಿಕೊಂಡಳು, ಯಾರದೋ ಹಲ್ಲಿನ ಸೆಟ್ಟು ಕಡವಿನಲ್ಲಿ ಸಿಕ್ಕಿದೆ, ಹೀಗೆ ಎಲ್ಲವನ್ನೂ ಹೇಳುವವನು ಅವನೇ. ಎರಡು ಮಾತಲ್ಲಿ ಮುಗಿಯುವುದನ್ನು ಇಪ್ಪತ್ತು ಮಾತಿಗೆ ಎಳೆಯದಿದ್ದರೆ ಅವನಿಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ. ಹಲ್ಲಿನ ಸೆಟ್ಟಿನ ದಿನ ನಗುವಿನ ಮಹತ್ವದ ಬಗ್ಗೆ ಅಷ್ಟು ಮಾತಾಡಿದ್ದಕ್ಕೆ, ಆ ಸೆಟ್ಟಿನ ಯಜಮಾನ ನಾಚಿಕೆಯಿಂದ ಬರಲೇ ಇಲ್ಲ.

ಆದರೆ ಅವನ ಜೀವವೆಲ್ಲ ಇದ್ದದ್ದು ನಮ್ಮ ಬೊಂಬೆ ಎತ್ತುಮೀನಿನೊಳಗೆ. ಬೆತ್ತದ ಚೌಕಟ್ಟು, ಮೇಲೆ ಬೂದು ಬಟ್ಟೆ, ಎದೆಯ ಮೇಲೆ ನಸುಗುಲಾಬಿ ಮಚ್ಚೆ, ಒಳಗೆ ಇಬ್ಬರು ಗಂಡಸರು. ಒಬ್ಬ ತಲೆ, ಒಬ್ಬ ಬಾಲ. ತಲೆಯವನಿಗೆ ಬಾಯಿಯ ಕಿಂಡಿಯಿಂದ ಇಡೀ ಜಗತ್ತು ಕಾಣುತ್ತದೆ. ಬಾಲದವನಿಗೆ ತಲೆಯವನ ಸೊಂಟ ಕಾಣುತ್ತದೆ, ಅದೂ ಹತ್ತಿರದಿಂದ. ಅನಾಕ್ಲೆತೊ ಹಬ್ಬ ಶುರುವಾದಂದಿನಿಂದ, ಅಂದರೆ ಮೀಸೆ ಬಂದಂದಿನಿಂದ, ಬಾಲ. ಹಾಗಾಗಿ ನಮ್ಮ ಕೇರಿಯ ಕುಣಿತವನ್ನು ಅವನು ಒಂದು ಸಲವೂ ನೋಡಿದವನಲ್ಲ! ಆದರೂ ಮರುದಿನ ಮೈಕಿನಲ್ಲಿ, "ಆ ಜನಸಾಗರ! ಆ ಬೆಳಕು!" ಎಂದು ಕಣ್ಣಾರೆ ಕಂಡವನ ಹಾಗೆ ವರ್ಣಿಸುತ್ತಿದ್ದ. ಕಂಡದ್ದು ಏನು? ಮುದುಕ ಬೆಲಾರ್ಮಿನೊನ ಬೆಲ್ಟು.

ಈ ವರ್ಷ ಬೆಲಾರ್ಮಿನೊನ ಮಂಡಿ ಕೈಕೊಟ್ಟಿತು. ತಲೆ ಅನಾಕ್ಲೆತೊಗೆ ಬಂತು, ಖಾಲಿಯಾದ ಬಾಲ ನನಗೆ ಬಂತು. ಆ ದಿನ ಅವನು ನನ್ನ ಅಂಗಡಿಗೆ ಓಡಿಬಂದು ತಬ್ಬಿಕೊಂಡ ರಭಸಕ್ಕೆ ಇಬ್ಬರೂ ಐಸಿನ ಪೆಟ್ಟಿಗೆಯೊಳಗೆ ಬಿದ್ದೆವು.

"ಕುಂಪಾದ್ರೆ, ನೋಡ್ತೀನಿ ಕಣೋ! ಈ ಸಲ ಎಲ್ಲಾ ನೋಡ್ತೀನಿ!"

"ನೋಡಪ್ಪ, ನೋಡು. ಮೊದಲು ನನ್ನ ಹೊಟ್ಟೆ ಮೇಲಿಂದ ಏಳು."

ಹಬ್ಬಕ್ಕೆ ಇನ್ನೇನು ಮೂರ್ನಾಲ್ಕು ದಿನ ಇದೆ ಎನ್ನುವಾಗ ತೀರ್ಪುಗಾರರಲ್ಲಿ ಒಬ್ಬರು ಜ್ವರ ಬಂದು ಮಲಗಿದರು. ಬದಲಿಗೆ ಹೊರಗಿನವರೇ ಬೇಕು, ಎರಡೂ ಪಕ್ಷದ ಗಾಳಿ ಸೋಕಿರಬಾರದು. ಅಧ್ಯಕ್ಷ ಸಿಯೊ ವಲ್ದೊಮಿರೊ ಊರೆಲ್ಲ ಹುಡುಕಿ, ಕೊನೆಗೆ ಪಕ್ಕದ ಕೆರೆಯಲ್ಲಿ ಒಬ್ಬ ಹೆಂಗಸನ್ನು ಹಿಡಿದರು. ಹೆಸರು ದೋನಾ ಇಡಾಬೆಲ್. ಅಮೆರಿಕದ ಕ್ಯಾನ್ಸಸ್‌ನ ಹುಲ್ಲುಗಾವಲಿನವರು, ತಲೆ ನರೆತವರು, ಓಲೆಟೋಪಿಯವರು. ಹುಲ್ಲಿನ ಬಗ್ಗೆ ತಿಳಿದುಕೊಳ್ಳಲು ಬಂದು ನಮ್ಮ ತೇಲುವ ಹುಲ್ಲನ್ನು ಎಳೆ ಎಳೆಯಾಗಿ ನೋಡುತ್ತಿದ್ದರು. ಈ ದೇಶದಲ್ಲಿ ಬಹಳ ವರ್ಷ ಇದ್ದುದರಿಂದ ನಮ್ಮ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಒಂದೊಂದು ಮಾತನ್ನೂ ತಕ್ಕಡಿಯಲ್ಲಿ ತೂಗಿ ಕೊಡುವವರ ಹಾಗೆ ಮಾತಾಡುತ್ತಿದ್ದರು.

ಅವರ ದೋಣಿ ಕಡವಿಗೆ ಬಂದಾಗ ಅಧ್ಯಕ್ಷರು ಅನಾಕ್ಲೆತೊಗೆ ಹೇಳಿದ್ದು ಇಷ್ಟೇ: "ಮೈಕಲ್ಲಿ ಸ್ವಾಗತ ಅಂತ ಎರಡು ಮಾತು ಹೇಳು. ಎರಡೇ ಮಾತು, ಗೊತ್ತಾಯ್ತಾ?"

"ಎರಡೇ, ಅಧ್ಯಕ್ಷರೇ!" ಎಂದ ಅನಾಕ್ಲೆತೊ. ಎಂದವನು ನೇರ ಹೋಗಿ ಆಕೆಯ ಪೆಟ್ಟಿಗೆ ಎತ್ತಿಕೊಂಡು, "ಅಮ್ಮಾ, ನಿಮ್ಮ ಊರಲ್ಲಿ ಏನು ವಿಶೇಷ?" ಎಂದು ಶುರುಮಾಡಿದ.

ಅದಕ್ಕೇ ಕಾದಿದ್ದವರಂತೆ ದೋನಾ ಇಡಾಬೆಲ್ ಜೇಬಿನಿಂದ ಒಂದು ಫೋಟೋ ತೆಗೆದರು. ಕಣ್ಣು ಹಾಯುವ ತನಕ ಹುಲ್ಲು, ನಡುವೆ ಒಂದು ಕಾಡುಹೂವು. ಮಧ್ಯೆ ಮುಳ್ಳುಮುಳ್ಳಾದ ಗುಬುಟು, ಸುತ್ತ ಜೋತುಬಿದ್ದ ನಸುಗುಲಾಬಿ ಎಸಳು.

"ಇದು ನನ್ನ ಹೂವು," ಎಂದರು. "ಮೇಲೆ ಕಾಣೋದು ಇಷ್ಟೇ. ಉಳಿದದ್ದೆಲ್ಲ ಕೆಳಗೆ. ಬೇರು ನಿಮಗಿಂತ ಉದ್ದ."

"ನನಗಿಂತಾ?"

"ನೀವು ಟೋಪಿ ಹಾಕ್ಕೊಂಡ್ರೂ."

ಅನಾಕ್ಲೆತೊನ ಕಣ್ಣು ಅರಳಿದವು. ನಾನು ಪಕ್ಕದಲ್ಲೇ ಇದ್ದೆ, ತಡೆಯಬಹುದಿತ್ತು. ಆದರೆ ತುಂಬಿದ ಹೊಳೆಯನ್ನು ಯಾರು ತಡೆಯುತ್ತಾರೆ, ಅವನನ್ನು ಯಾರು ತಡೆಯುತ್ತಾರೆ? ಓಡಿಹೋಗಿ ಮೈಕು ಹಿಡಿದೇಬಿಟ್ಟ.

"ಅನಿಂಗಾಲಿನ ಮಹಾಜನರೇ! ದೋನಾ ಇಡಾಬೆಲ್ ಅವರಿಗೆ ಸ್ವಾಗತ!" ಇಲ್ಲಿಗೆ ಎರಡು ಮಾತು ಆಗಿತ್ತು. ಅಧ್ಯಕ್ಷರು ಕೈಯೆತ್ತಿ ಸಾಕು ಸಾಕು ಎಂದರು. "ಮಹಾಜನರೇ, ಇವರ ಹುಲ್ಲುಗಾವಲಲ್ಲಿ ಒಂದು ಹೂವಿದೆ. ಅದರ ಲಕ್ಷಣ ಕೇಳಿ! ಮೇಲೆ ಮೂಗಿನಷ್ಟು ಕಾಣುತ್ತೆ, ಮೈಯೆಲ್ಲ ಕೆಳಗೆ. ನಮ್ಮ ಎತ್ತುಮೀನು? ಮೂಗು ಮೇಲೆ, ಮೈಯೆಲ್ಲ ಕೆಳಗೆ! ಅದಕ್ಕೂ ಸುತ್ತ ಹುಲ್ಲು, ಇದಕ್ಕೂ ಸುತ್ತ ಹುಲ್ಲು! ಅದರ ಎಸಳು ನಸುಗುಲಾಬಿ, ಇದರ ಎದೆಮಚ್ಚೆ ನಸುಗುಲಾಬಿ! ಅದೂ ಯಾರ ತಂಟೆಗೂ ಹೋಗಲ್ಲ, ಇದೂ ಹೋಗಲ್ಲ! ಅಯ್ಯೋ, ಇನ್ನೇನು ಬೇಕು? ನಾನು ಘೋಷಿಸ್ತೀನಿ: ನಮ್ಮ ಎತ್ತುಮೀನು ಅಂದ್ರೆ ಹೊಳೆಯೊಳಗಿನ ಹೂವು! ಹೂವು, ಮಹಾಜನರೇ, ಹೂವು!"

ಎಲ್ಲ ಕಂಬಗಳೂ ಒಟ್ಟಿಗೆ 'ಹೂವು' ಎಂದವು. ಮೇಲಿನ ಕೇರಿಯಲ್ಲಿ ಮೀನು ಹೆಚ್ಚುತ್ತಿದ್ದವರ ಕೈ ಮೇಲೆತ್ತಿದಲ್ಲೇ ನಿಂತಿತು. ತೊಟ್ಟಿಲು ತೂಗುತ್ತಿದ್ದ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಕೆಳಗಿನ ಕೇರಿಯಲ್ಲಿ ಪಟಾಕಿ ಸಿಡಿಯಿತು.

ಅನಾಕ್ಲೆತೊ ಹೊರಗೆ ಬಂದು, ಬೆವರು ಒರೆಸಿಕೊಂಡು, "ಹೇಗಿತ್ತು ಕುಂಪಾದ್ರೆ?" ಎಂದ.

"ಓಡು," ಎಂದೆ.

ಓಡುವುದಕ್ಕೆ ಹೊತ್ತಿರಲಿಲ್ಲ. ದೋನಾ ಎರ್ಮೆಲಿಂದಾ ಛತ್ರಿ ಹಿಡಿದುಕೊಂಡು ಬರುತ್ತಿದ್ದರು, ಬಿಸಿಲಿಗಲ್ಲ. ಈಕೆ ನಮ್ಮ ಎತ್ತುಮೀನು ಪಕ್ಷದ ನಾಯಕಿ. ಮೊದಲು ಸೂಲಗಿತ್ತಿಯಾಗಿದ್ದವರು, ಅರ್ಧ ಊರನ್ನು ಭೂಮಿಗೆ ಇಳಿಸಿದವರು ಅವರೇ, ಆದ್ದರಿಂದ ಅರ್ಧ ಊರಿಗೆ ಅವರೆದುರು ನಿಂತು ಮಾತಾಡಲು ಮುಖವಿಲ್ಲ.

"ಲೋ ಅನಾಕ್ಲೆತೊ! ಏನಂದ್ಯೋ? ಇನ್ನೊಂದು ಸಲ ಅನ್ನು, ನಾನೂ ಕೇಳ್ತೀನಿ!"

"ಹೋಲಿಕೆ ದೋನಾ ಎರ್ಮೆಲಿಂದಾ, ಬರೀ ಹೋಲಿಕೆ..."

"ಹೋಲಿಸೋಕೆ ನಿನಗೆ ಬೇರೆ ಏನೂ ಸಿಗಲಿಲ್ವಾ? ಪರ್ವತ ಇತ್ತು, ಚಂದ್ರ ಇದ್ದ, ಬಿಷಪ್ಪರಿದ್ರು! ಹೋಗೀ ಹೋಗೀ ಆ ಕಡೆಯದಕ್ಕೆ ಹೋಲಿಸಿದ್ಯಲ್ಲೋ! ನಿನ್ನ ತಪ್ಪಲ್ಲ ಬಿಡು. ಹುಟ್ಟುವಾಗಲೇ ಕುಂಡೆ ಮುಂದಾಗಿ ಬಂದೋನು ನೀನು. ಈ ಕೈಯಲ್ಲೇ ಎಳೆದಿದ್ದೆ, ಆಗಲೇ ಅಂದ್ಕೊಂಡೆ, ಇದು ಬಾಲದ ಗಿರಾಕಿ ಅಂತ. ತಲೆ ಕೊಟ್ಟಿದ್ದು ನನ್ನ ತಪ್ಪು. ನಾಳೆ ಬೆಳಗ್ಗೆ ಹೇಳ್ತೀನಿ ತಲೆ ಯಾರಿಗೆ ಅಂತ!"

ಅನಾಕ್ಲೆತೊನ ಮುಖ ನೋಡಬೇಕಿತ್ತು. ಬಣ್ಣವೆಲ್ಲ ಇಳಿದುಹೋಗಿತ್ತು. ನನಗೂ ನನ್ನ ಚಿಂತೆ ಹತ್ತಿತು, ಸುಳ್ಳು ಯಾಕೆ ಹೇಳಲಿ? ಅವನು ಬಾಲಕ್ಕೆ ವಾಪಸ್ ಬಂದರೆ ನಾನು ಹೋಗುವುದು ಎಲ್ಲಿಗೆ? ಎತ್ತುಮೀನಿಗೆ ಇರುವುದು ಒಂದೇ ಬಾಲ.

ಮನೆಗೆ ಹೋದರೆ ಅಲ್ಲಿ ಇನ್ನೊಂದು ರಗಳೆ. ಅವನ ಹೆಂಡತಿ ದೋನಾ ಜುಲ್ಮೀರಾ ಎತ್ತುಮೀನಿನ ಚರ್ಮ ಹೊಲಿಯುವವರು. ವರ್ಷಪೂರ್ತಿ ಬೂದು ಬಟ್ಟೆಗೆ ತೇಪೆ ಹಾಕಿ ಬೆರಳು ತೂತಾಗಿದೆ. ಗಂಡನ ತೂಗುಮಂಚವನ್ನು ಬಿಚ್ಚಿ ಹೊರಗಿನ ಜಗಲಿಗೆ ಕಟ್ಟಿಬಿಟ್ಟಿದ್ದರು.

"ಹೂವು ಒಳಗಿದ್ರೆ ಬಾಡುತ್ತಂತೆ. ಹೊರಗೇ ಇರಲಿ," ಎಂದರು.

"ಜುಲ್ಮೀರಾ, ಚಿನ್ನ..."

"ನೀರು ಬೇಕಾದ್ರೆ ಹೇಳಿ, ಬುಡಕ್ಕೆ ಹಾಕ್ತೀನಿ."

ಅಷ್ಟರಲ್ಲಿ ಡೋಲು ಬಾರಿಸಿಕೊಂಡು ಕೆಳಗಿನ ಕೇರಿಯ ಮೆರವಣಿಗೆಯೇ ಬಂತು! ಮುಂದೆ ಔಷಧಿ ಅಂಗಡಿಯ ಸಿಯೊ ತೆವೊಬಾಲ್ದೊ, ಹೂವಿನ ಪಕ್ಷದ ನಾಯಕ. ಹಿಂದೆ ಮೇಜಿನಷ್ಟಗಲದ ಕೇಕು, ಅದರ ಮೇಲೆ ಕೆಂಪು ಶರ್ಟು.

"ಬಾಪ್ಪಾ ಅನಾಕ್ಲೆತೊ! ಕೊನೆಗೂ ನಿನಗೆ ಬುದ್ಧಿ ಬಂತು. ಆ ದಪ್ಪಗಿರೋದರ ಹೊಟ್ಟೆಯೊಳಗೆ ಇದ್ದೂ ಇದ್ದೂ ನೀನೇ ಒಪ್ಕೊಂಡೆ, ಹೂವೇ ದೊಡ್ಡದು ಅಂತ! ಹಾಕ್ಕೋ ಶರ್ಟು!"

"ಬೇಡ ಸಿಯೊ ತೆವೊಬಾಲ್ದೊ, ದಮ್ಮಯ್ಯ ಅಂತೀನಿ! ನಾನು ಹೇಳಿದ್ದು ನಿಮ್ಮ ಹೂವಲ್ಲ, ಆ ಅಮ್ಮನ ಹೂವು!"

ತೆವೊಬಾಲ್ದೊ ಶರ್ಟು ಹಿಡಿದುಕೊಂಡು ನಿಂತಲ್ಲೇ ನಿಂತ. ಔಷಧಿ ಅಂಗಡಿಯವನ ತಲೆ, ನಿಧಾನಕ್ಕೆ ಓಡಿದರೂ ಓಡುತ್ತದೆ. "ಒಂದು ನಿಮಿಷ," ಎಂದ. "ಆ ಅಮ್ಮ ಯಾರು? ತೀರ್ಪುಗಾರ್ತಿ. ಆಕೆಗೆ ಪ್ರಾಣ ಯಾವುದು? ಆ ಹೂವು. ನೀನು ಊರೆಲ್ಲ ಕೇಳೋ ಹಾಗೆ ಏನು ಸಾರಿದೆ? ಆ ಹೂವೂ ನಿಮ್ಮ ಆ ದಪ್ಪಗಿರೋದೂ ಒಂದೇ ಅಂತ! ಹಂಗಂದ್ರೆ ಅಂಕ ಯಾರಿಗೆ ಬೀಳುತ್ತೆ? ಲೋ ಕಳ್ಳಾ! ಇದು ಸ್ವಾಗತ ಅಲ್ಲ ಕಣ್ರೋ, ಬೆಣ್ಣೆ! ತೀರ್ಪುಗಾರ್ತಿಗೆ ಮೈಕಲ್ಲಿ ಬೆಣ್ಣೆ ಹಚ್ಚಿದಾನೆ!"

ಡೋಲು ನಿಂತಿತು. ಕೇಕು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಒಂದು ತುಂಡಾದರೂ ಕೊಟ್ಟು ಹೋಗಬಹುದಿತ್ತು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಸುದ್ದಿ ನಮ್ಮ ಕೇರಿಗೆ ಮುಟ್ಟಿದ್ದೇ ತಡ, ಅಲ್ಲಿ ಗಾಳಿ ಬೇರೆ ಕಡೆ ಬೀಸಿತು. ಆ ಕಡೆಯವರಿಗೆ ಉರಿ ಹತ್ತಿದೆ ಎಂದರೆ ನಮ್ಮವನು ಏನೋ ಒಳ್ಳೆಯದನ್ನೇ ಮಾಡಿರಬೇಕಲ್ಲ! ಬೆಳಗ್ಗೆ ಅವನನ್ನು ದ್ರೋಹಿ ಎಂದವರು ಸಂಜೆಗೆ, "ಅಬ್ಬಾ, ಏನು ತಲೆ ಅವನದು!" ಎನ್ನತೊಡಗಿದರು. ದೋನಾ ಎರ್ಮೆಲಿಂದಾ ಮಾತ್ರ ಛತ್ರಿ ಮಡಚಲಿಲ್ಲ. "ಅನಾಕ್ಲೆತೊಗೆ ಅಷ್ಟು ಬುದ್ಧಿ ಇರೋಕೆ ಸಾಧ್ಯಾನಾ? ನಾನು ಹೆರಿಗೆ ಮಾಡಿಸಿದೋಳು, ನನಗೆ ಗೊತ್ತಿಲ್ವಾ?" ಎಂದರು.

ಮರುದಿನ ಅಧ್ಯಕ್ಷರು ಊರನ್ನೆಲ್ಲ ಆಟದ ಅಂಗಳದಲ್ಲಿ ಸೇರಿಸಿ ವಿಚಾರಣೆ ಇಟ್ಟರು. ಸಿಯೊ ವಲ್ದೊಮಿರೊ ಎರಡೂ ಕಡೆಯ ವೋಟು ತಿಂದು ಬದುಕುವ ಮನುಷ್ಯ. ಅರ್ಧ ನೀಲಿ ಅರ್ಧ ಕೆಂಪು ಶರ್ಟು ಹೊಲಿಸಿಕೊಂಡವರು. ಜನರೂ ಸಂತೆಗೆ ಬಂದ ಹಾಗೆ ಬಂದರು. ತಕಕಾ ಸಾರು ಮಾರುವವಳೂ ಬಂದು ಒಲೆ ಹೂಡಿದಳು.

"ಪ್ರಶ್ನೆ ಒಂದೇ," ಎಂದರು ಅಧ್ಯಕ್ಷರು. "ಎತ್ತುಮೀನಿಗೂ ಈ ಅಮ್ಮನ ಹೂವಿಗೂ ನಿಜವಾಗಿ ಹೋಲಿಕೆ ಇದೆಯೋ ಇಲ್ವೋ?"

ತೆವೊಬಾಲ್ದೊ ಎದ್ದ. "ಇಲ್ಲ! ಇಲ್ಲ ಅಂದ್ಮೇಲೆ ಅವನು ಹೇಳಿದ್ದು ಬೆಣ್ಣೆ. ಬೆಣ್ಣೆ ಹಚ್ಚಿದವನು ಅಂಗಳಕ್ಕೆ ಇಳಿಯೋ ಹಾಗಿಲ್ಲ!"

ದೋನಾ ಎರ್ಮೆಲಿಂದಾ ಎದ್ದರು. "ಇದೆ ಅಂದ್ರೆ ನಮ್ಮ ಎತ್ತುಮೀನು ಅದು... ಆ ಕಡೆಯದು ಆದ ಹಾಗಾಯ್ತು! ಹಾಗಂದವನಿಗೆ ನಾನು ತಲೆ ಕೊಡಲ್ಲ!"

ನೋಡಿದಿರಾ ನನ್ನ ಕುಂಪಾದ್ರೆಯ ಫಜೀತಿ? ಇದೆ ಎಂದರೂ ತಲೆ ಹೋಗುತ್ತದೆ, ಇಲ್ಲ ಎಂದರೂ ತಲೆ ಹೋಗುತ್ತದೆ. ನಡುವೆ ನಿಂತ ಅನಾಕ್ಲೆತೊ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿ, "ಸ್ವಲ್ಪ ಇದೆ, ಸ್ವಲ್ಪ ಇಲ್ಲ," ಎಂದ. ಇಬ್ಬರೂ ಒಟ್ಟಿಗೆ "ಥೂ!" ಎಂದರು. ಮೇಲಿನ ಕೇರಿಯೂ ಕೆಳಗಿನ ಕೇರಿಯೂ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಮ್ಮಾ, ನೀವೇ ಹೇಳಿ," ಎಂದು ಅಧ್ಯಕ್ಷರು ಕೈಮುಗಿದರು.

ದೋನಾ ಇಡಾಬೆಲ್ ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. ಅವರಿಗೆ ಈ ಗಲಾಟೆಯ ತಲೆಬುಡ ತಿಳಿದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇಡೀ ಊರೊಂದು ತನ್ನ ಹೂವಿನ ಬಗ್ಗೆ ಕೇಳಲು ಬಂದು ಕೂತಿದೆ ಎಂದಷ್ಟೇ ಗೊತ್ತು. ಕೆನ್ನೆ ಕೆಂಪಾಗಿತ್ತು, ಸಂಭ್ರಮವೋ ಸಂಭ್ರಮ.

"ಒಳ್ಳೆ ಪ್ರಶ್ನೆ!" ಎಂದರು. "ರಾತ್ರಿಯೆಲ್ಲ ಯೋಚಿಸಿದೆ. ಒಂದು ವ್ಯತ್ಯಾಸ: ಎತ್ತುಮೀನು ನಡೆದಾಡುತ್ತೆ."

"ಈಜುತ್ತೆ!" ಎಂದಿತು ಮೇಲಿನ ಕೇರಿ.

"ಸರಿ, ಈಜುತ್ತೆ. ಹೂವು ಈಜಲ್ಲ. ಇನ್ನೊಂದು: ಎತ್ತುಮೀನು ಹುಲ್ಲು ತಿನ್ನುತ್ತೆ, ಹೂವು ಹುಲ್ಲಿನ ಜೊತೆ ಬಾಳುತ್ತೆ. ಇನ್ನೊಂದು: ನಮ್ಮ ಹೂವಿಗೆ ಬೆಂಕಿ ಬೇಕು. ವಸಂತಕ್ಕೆ ಮುಂಚೆ ನಾವೇ ಹುಲ್ಲುಗಾವಲಿಗೆ ಬೆಂಕಿ ಇಡ್ತೀವಿ."

ಕೆಳಗಿನ ಕೇರಿಯಿಂದ 'ಹಾ!' ಎಂಬ ಉದ್ಗಾರ ಎದ್ದಿತು. "ಹೂವಿಗೆ ಬೆಂಕಿ ಇಡ್ತೀರಾ?" ಎಂದ ತೆವೊಬಾಲ್ದೊ. "ನೀವೇ? ಕೈಯಾರೆ?"

"ಹೌದು! ಬಹಳ ಚೆನ್ನಾಗಿರುತ್ತೆ! ಸುಟ್ಟ ಮೇಲೆ ಬೇರಿಂದ ಮತ್ತೆ ಬರುತ್ತೆ. ಎತ್ತುಮೀನಿಗೆ ಬೆಂಕಿ ಇಟ್ಟರೆ ಬರುತ್ತಾ?"

"ಅಯ್ಯೋ ಸ್ವಾಮಿ!" ಎಂದು ದೋನಾ ಎರ್ಮೆಲಿಂದಾ ಕೂತುಬಿಟ್ಟರು.

"ಬರಲ್ಲ. ಹಾಗಾಗಿ ಅಲ್ಲಿ ಹೋಲಿಕೆ ಇಲ್ಲ. ಆದ್ರೆ ಒಂದು ಕಡೆ ಹೋಲಿಕೆ ಇದೆ." ಅಷ್ಟು ಹೊತ್ತು ಕುಣಿಯುತ್ತಿದ್ದ ಅವರ ಧ್ವನಿ ಸ್ವಲ್ಪ ಇಳಿಯಿತು. "ಜನ ಬೇರು ಮಾರೋಕೆ ಅಂತ ಅಗೆದೂ ಅಗೆದೂ, ಉಳಿದ ನೆಲ ಉತ್ತೂ ಉತ್ತೂ, ನಾನು ಹುಡುಗಿಯಾಗಿದ್ದಾಗ ಕಂಡಷ್ಟು ಹೂವು ಈಗಿಲ್ಲ. ನಿಮ್ಮ ಎತ್ತುಮೀನೂ ಹಾಗೇ ಅಲ್ವಾ?"

ಮುದುಕ ಬೆಲಾರ್ಮಿನೊ ಮಂಡಿ ನೀವಿಕೊಳ್ಳುತ್ತಾ, "ಹೌದಮ್ಮಾ," ಎಂದ. "ನಮ್ಮಪ್ಪ ಈಟಿ ಹಿಡಿದು ಹೋಗ್ತಿದ್ದ. ಅದರ ಮಾಂಸ ಅದರದ್ದೇ ಕೊಬ್ಬಲ್ಲಿ ಕರಿದು ಡಬ್ಬಿಗೆ ತುಂಬೋರು. ನಾನೂ ತಿಂದಿದೀನಿ. ಈಗ ಹುಡುಕಿದ್ರೂ ಮೂಗು ಕಾಣಲ್ಲ."

ಒಂದು ಗಳಿಗೆ ಎರಡು ಕೇರಿಯವರೂ ನೆಲ ನೋಡಿದರು, ಯಾಕೆಂದರೆ ಡಬ್ಬಿಗೆ ಕೇರಿ ಇರಲಿಲ್ಲ. ಆ ಗಳಿಗೆ ಹೆಚ್ಚು ಹೊತ್ತು ಬಾಳಲಿಲ್ಲ, ಪುಣ್ಯ. "ನೋಡಿದ್ರಾ, ತಮ್ಮ ಲಾಂಛನಾನೇ ಕರಿದು ತಿಂದೋರು!" ಎಂದ ಕೆಳಗಿನ ಕೇರಿಯ ಯಾರೋ. "ನಿನ್ನ ತಾತನೂ ಬಂದು ಚಪ್ಪರಿಸಿದ್ದ ಕಣೋ!" ಎಂದರು ನಮ್ಮವರು. ಸರಿ, ಗಲಾಟೆ ಶುರು. ತಕಕಾ ಮಾರುವವಳ ಪಾತ್ರೆ ಒಂದು ಸುತ್ತು ಮಾತ್ರ ಉರುಳಿತು.

ಅಧ್ಯಕ್ಷರು ಮೇಜು ಗುದ್ದಿ ತೀರ್ಪು ಕೊಟ್ಟರು: ಈ ಅಮ್ಮನ ಮಾತಿನಿಂದ ಎರಡೂ ಪಕ್ಷದವರಿಗೆ ಸರಿಸಮನಾಗಿ ಸಿಟ್ಟು ಬಂದಿದೆ, ನಿಷ್ಪಕ್ಷಪಾತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಆಕೆಯೇ ತೀರ್ಪುಗಾರ್ತಿ. ಬೆಣ್ಣೆ ಹಚ್ಚಿದ್ದಾನೆ ಎಂಬ ಮಾತು ವಜಾ.

ಉಳಿದದ್ದು ತಲೆ. ದೋನಾ ಎರ್ಮೆಲಿಂದಾ ಛತ್ರಿಯ ತುದಿಯನ್ನು ಅನಾಕ್ಲೆತೊನ ಎದೆಗೆ ಊರಿದರು.

"ಯಾಕೋ ಅಷ್ಟೊಂದು ಆಸೆ ನಿನಗೆ, ತಲೆ ಮೇಲೆ?"

ಅವನು ಮೊದಲ ಸಲ ಚಿಕ್ಕದಾಗಿ ಉತ್ತರ ಕೊಟ್ಟ. "ನೋಡಬೇಕು ದೋನಾ ಎರ್ಮೆಲಿಂದಾ. ನಾನು ಒಂದು ಸಲಾನೂ ನೋಡಿಲ್ಲ."

ಆಕೆ ಛತ್ರಿಯನ್ನು ಅವನ ಎದೆಯಿಂದ ತೆಗೆದರು. "ಸರಿ. ಹಬ್ಬದವರೆಗೆ ನಿನ್ನ ಬಾಯಿಂದ ಒಂದು ಹೋಲಿಕೆ ಹೊರಗೆ ಬಂದ್ರೆ ನೀನು ಬಾಲಾನೂ ಅಲ್ಲ. ಅಂಗಳದಲ್ಲಿ ಏನಾದ್ರೂ ಎಡವಟ್ಟು ಮಾಡಿದ್ರೆ ಜೀವಮಾನದಲ್ಲಿ ಬೊಂಬೆ ಮುಟ್ಟೋ ಹಾಗಿಲ್ಲ. ಆಯ್ತಾ?"

ಅನಾಕ್ಲೆತೊ ತುಟಿ ಬಿಗಿದು ತಲೆಯಾಡಿಸಿದ. ಹಬ್ಬದ ದಿನದ ತನಕ ಮೈಕಿನಲ್ಲಿ, "ಬೋಟು ಬಂತು," "ಬೋಟು ಹೋಯ್ತು," ಇಷ್ಟೇ. ಊರಿನವರು ಅವನಿಗೆ ಕಾಯಿಲೆಯೇನೋ ಎಂದುಕೊಂಡರು. ಜುಲ್ಮೀರಾ ಕರಗಿ ತೂಗುಮಂಚವನ್ನು ಬಾಗಿಲ ತನಕ ತಂದರು. ಒಳಗೆ ಮಾತ್ರ ಬಿಡಲಿಲ್ಲ.

ಹಬ್ಬದ ದಿನ ಬಂತು! ಬಿಸಿಲು ಇಳಿಯುವ ಹೊತ್ತಿಗೆ ಅಂಗಳ ತುಂಬಿ, ಜನ ಮಾವಿನ ಮರದ ಮೇಲೂ ಹತ್ತಿದ್ದರು. ಒಂದು ನಿಯಮ ನಿಮಗೆ ಹೇಳಬೇಕು. ಒಂದು ಪಕ್ಷ ಕುಣಿಯುವಾಗ ಇನ್ನೊಂದು ಪಕ್ಷದವರು ಕಮಕ್ ಕಿಮಕ್ ಎನ್ನಬಾರದು. ಕೂಗಿದರೆ, ಛೀ ಎಂದರೆ, ಹಾಗೆಂದವರ ಅಂಕಕ್ಕೇ ಕತ್ತರಿ. ಹಾಗಾಗಿ ಕೆಳಗಿನ ಕೇರಿಯವರು ಮೊದಲು ಕುಣಿದಾಗ ನಾವು ಕಲ್ಲಿನ ಹಾಗೆ ಕೂತಿದ್ದೆವು. ಅವರ ನೈದಿಲೆ ಅರಳಿದ್ದು ಭರ್ಜರಿಯಾಗಿತ್ತು. ಹೊಟ್ಟೆ ಉರಿಯಿತು, ಆದರೂ ಬಾಯಿ ಬಿಡಲಿಲ್ಲ.

ಆಮೇಲೆ ನಮ್ಮ ಸರದಿ. ಡೋಲುಗಳು ಗುಡುಗಿದವು, ನಮ್ಮವರು ನೀಲಿ ಬಟ್ಟೆ ಹಿಡಿದು ಇಡೀ ಅಂಗಳವನ್ನು ಹೊಳೆ ಮಾಡಿದರು. ಅದರ ಅಡಿಯಲ್ಲಿ ನಾವಿಬ್ಬರು. ನನಗೆ ಕಂಡದ್ದು ನನ್ನ ಕುಂಪಾದ್ರೆಯ ಸೊಂಟ, ಬೇರೇನೂ ಇಲ್ಲ. ಆದರೆ ಆ ಸೊಂಟವೇ ನಗುತ್ತಿತ್ತು, ನಿಮ್ಮಾಣೆ! ಮೊದಲ ಸಲ ಮೂಗೆತ್ತಿ ಬಟ್ಟೆಯ ಮೇಲೆ ಬಂದಾಗ ಅವನು ಒಳಗೇ, "ಅಯ್ಯೋ... ಅಯ್ಯೋ ಕುಂಪಾದ್ರೆ..." ಎಂದ.

"ಏನು? ಏನು ಕಾಣ್ತಿದೆ?"

"ಎಲ್ಲಾ!"

ಕುಣಿದೆವು. ಮುಳುಗಿದೆವು, ತೇಲಿದೆವು, ಹುಲ್ಲು ಮೇಯ್ದೆವು. ಜನ ಹುಚ್ಚೆದ್ದು ಕೂಗುತ್ತಿದ್ದರು. ತೀರ್ಪುಗಾರರ ಮೇಜಿನ ಮುಂದೆ ಬಂದು ಮೂಗೆತ್ತುವುದು ಕೊನೆಯ ವರಸೆ. ಅವನು ಮೂಗೆತ್ತಿದ. ಅಷ್ಟೇ, ಡೋಲುಗಳ ತಾಳ ತಪ್ಪಿತು, ಎಲ್ಲ ಸದ್ದೂ ನಿಂತುಹೋಯಿತು. ನನಗೋ ಏನೂ ಕಾಣದು. ಸೊಂಟ ಗಟ್ಟಿಯಾಗಿ ನಿಂತಿತ್ತು.

ಹೊರಗೆ ನಡೆದದ್ದನ್ನು ಆಮೇಲೆ ಜುಲ್ಮೀರಾ ಹೇಳಿದರು. ದೋನಾ ಇಡಾಬೆಲ್ ಆನಂದ ತಡೆಯಲಾರದೆ ಎದ್ದು ಬಂದಿದ್ದರಂತೆ, ಕಣ್ಣಲ್ಲಿ ನೀರು. ಟೋಪಿಯ ಪಟ್ಟಿಗೆ ಸಿಕ್ಕಿಸಿದ್ದ ತಮ್ಮ ಊರಿನ ಒಣಹೂವೊಂದನ್ನು ಕಿತ್ತು, ಮೆಚ್ಚುಗೆಗೆ ಅಂತ, ಇಡೀ ಊರಿನ ಎದುರು, ನಮ್ಮ ಎತ್ತುಮೀನಿನ ಮೂಗಿನ ಮೇಲೆ ಇಟ್ಟುಬಿಟ್ಟರಂತೆ. ಎತ್ತುಮೀನಿನ ಮುಖದ ಮೇಲೆ ಹೂವು! ದೋನಾ ಎರ್ಮೆಲಿಂದಾ ಎದೆ ಹಿಡಿದುಕೊಂಡರು. ಕೆಳಗಿನ ಕೇರಿಯವರು ನಗು ತಡೆಯಲು ಬಾಯಿಗೆ ಕರ್ಚೀಫು ತುರುಕಿಕೊಂಡರು. ಹೂ ಮುಡಿದು ವಾಪಸ್ ಹೋದರೆ ನಮ್ಮ ಮಾನ ಹೋಯಿತು. ಕೊಡವಿ ಎಸೆದರೆ ತೀರ್ಪುಗಾರ್ತಿಗೆ ಅವಮಾನ, ಅಂಕ ಹೋಯಿತು. ಎರಡರಲ್ಲಿ ಯಾವುದಾದರೂ ಅನಾಕ್ಲೆತೊನ ತಲೆ ಹೋಯಿತು.

ಒಳಗೆ ಅವನು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. "ಕುಂಪಾದ್ರೆ," ಎಂದ, "ಎತ್ತುಮೀನು ಏನು ಮಾಡುತ್ತೆ, ಗಿಡ ಸಿಕ್ಕಿದ್ರೆ?"

"ತಿನ್ನುತ್ತೆ," ಎಂದೆ. ಅದಕ್ಕೆ ಯೋಚಿಸಬೇಕೆ?

ಅವನು ಹಗ್ಗ ಎಳೆದ. ಬೊಂಬೆಯ ಬಾಯಿ ಅಗಲವಾಗಿ ತೆರೆಯಿತು, ಮೂಗು ಒಮ್ಮೆ ಕೊಂಕಿತು, ಹೂವು ಜಾರಿ ಒಳಗೆ ಬಿತ್ತು. ಬಿದ್ದದ್ದನ್ನು ಅವನು ನಿಜವಾಗಿಯೇ ಬಾಯಿಗೆ ಹಾಕಿಕೊಂಡು, ಜನರಿಗೆ ಕಾಣಬೇಕಲ್ಲ, ಕಿಂಡಿಯಲ್ಲಿ ಮುಖವಿಟ್ಟು ಕರಕರ ಅಗಿದ! ಮುಳ್ಳುಗುಬುಟಿನ ಸಮೇತ!

ಎತ್ತುಮೀನು ಹೂವನ್ನು ತಿಂದುಹಾಕಿತು!

ಮೇಲಿನ ಕೇರಿಯಿಂದ ಎದ್ದ ಕೂಗಿಗೆ ಮಾವಿನ ಮರದಿಂದ ಹಣ್ಣು ಉದುರಿದವು ಎನ್ನುತ್ತಾರೆ. ಅದಕ್ಕಿಂತ ಜೋರಾಗಿ ಕೂಗಿದವನು ತೆವೊಬಾಲ್ದೊ. ಕರ್ಚೀಫು ಉಗಿದು, "ಅನ್ಯಾಯ! ಉಗುಳೋ! ಉಗುಳೋ ಅದನ್ನ!" ಎಂದು ಮೇಜು ಹತ್ತಿ ನಿಂತ. ಅವನ ಹಿಂದೆ ಇಡೀ ಕೆಳಗಿನ ಕೇರಿ. ತೀರ್ಪುಗಾರರು ಗಂಭೀರವಾಗಿ ಅವರ ಅಂಕ ಕತ್ತರಿಸಿದರು. ದೋನಾ ಇಡಾಬೆಲ್ ಎರಡೂ ಕೈ ಜೋಡಿಸಿ, "ಎಷ್ಟು ಸಹಜವಾಗಿ ಮೇಯ್ತು!" ಎಂದು ಕುಣಿದಾಡುತ್ತಿದ್ದರು.

ಗೆದ್ದೆವು! ನಮ್ಮನ್ನು ಬೊಂಬೆಯಿಂದ ಹೊರಗೆಳೆದು ಹೆಗಲ ಮೇಲೆ ಹೊತ್ತರು. ಅವನನ್ನು ಹೊತ್ತರು, ನನ್ನನ್ನು ಅರ್ಧಕ್ಕೆ ಎತ್ತಿ ಇಳಿಸಿದರು. ಅಧ್ಯಕ್ಷರು ಅವನ ಕೈಗೆ ಮೈಕು ಕೊಟ್ಟರು. "ಮಾತಾಡು ಅನಾಕ್ಲೆತೊ! ಎಷ್ಟು ಬೇಕಾದ್ರೂ ಮಾತಾಡು, ಇವತ್ತು ಲೆಕ್ಕ ಇಲ್ಲ!"

ಅವನು ಮೈಕು ಹಿಡಿದ. ಕಣ್ಣು ಹೊಳೆಯುತ್ತಿತ್ತು, ಎದೆ ಉಬ್ಬಿತ್ತು. ಬಾಯಿ ತೆರೆದ.

"ಬ್ಬ... ಲ್ಲಬ್ಬ... ಲ್ಲ."

ಎಲ್ಲ ಕಂಬಗಳೂ "ಲ್ಲಬ್ಬ" ಎಂದವು. ಅವನು ಗಾಬರಿಯಿಂದ ನಾಲಿಗೆ ಹೊರಗೆ ಹಾಕಿ ಬೆರಳಿನಿಂದ ಮುಟ್ಟಿ ನೋಡಿದ. ನಾಲಿಗೆ ಇತ್ತು, ಆದರೆ ಅದಕ್ಕೆ ಇವನ ಪರಿಚಯ ಇರಲಿಲ್ಲ.

"ಓ!" ಎಂದರು ದೋನಾ ಇಡಾಬೆಲ್. "ಅದನ್ನು ಅಗಿದ್ರೆ ನಾಲಿಗೆ ಮರಗಟ್ಟುತ್ತೆ. ಹಲ್ಲುನೋವಿಗೆ ನಮ್ಮಲ್ಲಿ ಬಹಳ ಒಳ್ಳೇದು."

ತಕಕಾ ಮಾರುವವಳು ಬಂದು ಅವನ ಬಾಯಿ ಮೂಸಿ ನೋಡಿದಳು. "ಇದು ನಮ್ಮ ಜಂಬು ಸೊಪ್ಪಿನ ಹಾಗೇ ಇದೆಯಲ್ಲ! ಸಾರಿಗೆ ಹಾಕಿದ್ರೆ ತುಟಿ ಜುಮ್ ಅನ್ನುತ್ತಲ್ಲ, ಅದು. ಇದು ಅದರ ಅಜ್ಜಿ ಇರಬೇಕು."

ಅನಾಕ್ಲೆತೊ ಕೈ ಆಡಿಸಿದ, ಜನರನ್ನು ತೋರಿಸಿದ, ದೀಪಗಳನ್ನು ತೋರಿಸಿದ, ಮಾವಿನ ಮರವನ್ನು ತೋರಿಸಿದ, "ಲ್ಲಬ್ಬ! ಲ್ಲಬ್ಬ!" ಎಂದ. ಕಣ್ಣಿಂದ ನೀರು ಇಳಿಯುತ್ತಿತ್ತು. ಅಷ್ಟು ವರ್ಷ ಕಾಣದೆ ವರ್ಣಿಸಿದವನು, ಕಂಡ ದಿನ ಒಂದು ಮಾತೂ ಆಡಲಾರ.

ದೋನಾ ಎರ್ಮೆಲಿಂದಾ ಅವನ ಎದುರಿಗೆ ಬಂದು ನಿಂತರು. ಛತ್ರಿ ಮಡಚಿತ್ತು. "ಮುಂದಿನ ವರ್ಷಕ್ಕೂ ತಲೆ ನಿನ್ನದೇ ಕಣೋ," ಎಂದು ಅವನ ಕೆನ್ನೆ ತಟ್ಟಿದರು. ಆಮೇಲೆ ದೋನಾ ಇಡಾಬೆಲ್ ಕಡೆ ತಿರುಗಿ, ಧ್ವನಿ ತಗ್ಗಿಸಿ, "ತಾಯೀ, ಇದು ಎಷ್ಟು ಹೊತ್ತು ಇರುತ್ತೆ?" ಎಂದರು.

"ಅರ್ಧ ಗಂಟೆ ಇದ್ರೆ ಹೆಚ್ಚು."

"ಅಷ್ಟೇನಾ?" ದೋನಾ ಎರ್ಮೆಲಿಂದಾರ ಮುಖ ಬಾಡಿತು. "ಇನ್ನೊಂದಿದ್ರೆ ಕೊಡಿ."

ದೋನಾ ಇಡಾಬೆಲ್ ಟೋಪಿಯಿಂದ ಇನ್ನೊಂದು ಹೂವು ಕಿತ್ತರು. ಆದರೆ ಜುಲ್ಮೀರಾ ಜನರನ್ನು ತಳ್ಳಿಕೊಂಡು ನಡುವೆ ಬಂದು, ಗಂಡನ ತೋಳು ಹಿಡಿದುಕೊಂಡು ಎಳೆದರು.

"ಯಾರೂ ಏನೂ ಕೊಡಬೇಡಿ," ಎಂದರು. "ಇಷ್ಟು ವರ್ಷ ಇವರು ನೋಡದೇ ಇದ್ದದ್ದನ್ನೆಲ್ಲ ಹೇಳಿದ್ರು, ನಾನು ಕೇಳಿದೆ. ಇವತ್ತು ನೋಡಿದಾರೆ. ಮನೆಗೆ ಕರ್ಕೊಂಡು ಹೋಗಿ ತೂಗುಮಂಚ ಒಳಗೆ ಕಟ್ತೀನಿ. ನಾಲಿಗೆ ಬರೋ ತನಕ ಕಾಯ್ತೀನಿ."